ತಂಗಮ್ಮ ಕೆರೆದು ತೆಗೆದ ಹೆಸರು

ಜನರ ಅಭಿಪ್ರಾಯ ಕೇಳ್ತೇವೆ ಅಂತ ಸರ್ಕಾರದವರು ಹೊರಟಾಗೆಲ್ಲ ನಂಗೆ ತಲೆನೋವು ಶುರುವಾಗುತ್ತೆ. ಅಭಿಪ್ರಾಯ ಜನರದ್ದೇ ಇರಬಹುದು, ಅರ್ಜಿ ತುಂಬೋಳು ನಾನು. ಬಣಕಲ್ ಕಡೆಯ ಒಂದು ಪಂಚಾಯ್ತಿ ಲೈಬ್ರರಿಯಲ್ಲಿ ಕೂತಿರೋ ಅರ್ಚನಾ ಅಂದ್ರೆ ಸುತ್ತಲಿನ ಎಸ್ಟೇಟಿನವರಿಗೆಲ್ಲ ಗೊತ್ತು. ಪುಸ್ತಕ ಓದೋಕೆ ದಿನಕ್ಕೆ ನಾಲ್ಕು ಜನ ಬಂದ್ರೆ, ಅರ್ಜಿ ಬರೆಸೋಕೆ ನಲವತ್ತು ಜನ. ರೇಷನ್ ಕಾರ್ಡು, ಆಧಾರ್ ತಿದ್ದುಪಡಿ, ವಿಧವಾ ವೇತನ, ಎಲ್ಲಾ ನನ್ನ ತಲೆಗೇ. ಹನ್ನೊಂದು ವರ್ಷದಲ್ಲಿ ನಾನು ತುಂಬಿದ ಅಷ್ಟೂ ಅರ್ಜಿಗಳಲ್ಲಿ ನಂಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ತಂಗಮ್ಮಂದು. ಆ ಸಿಟ್ಟು ಮೊದಲು ಅವಳ ಮೇಲಿತ್ತು, ಆಮೇಲೆ ಸರ್ಕಾರದ ಮೇಲೆ ಹೋಯ್ತು, ಕೊನೆಗೆ ಸುತ್ತಿ ಬಳಸಿ ನನ್ನ ಮೇಲೇ ಬಂತು.

ಏಪ್ರಿಲ್ ಕೊನೆಯ ಗುರುವಾರ ಮಧ್ಯಾಹ್ನ, ನಾನು ಊಟದ ಡಬ್ಬಿ ಬಿಚ್ಚೋ ಹೊತ್ತಿಗೆ ಸರಿಯಾಗಿ ಬಂದ್ಲು. ಕೈಯಲ್ಲಿ ಮಡಚಿದ ನ್ಯೂಸ್‌ಪೇಪರ್. ಬಿಡಿಸಿದ್ರೆ ಗಪ್ ಅಂತ ಒಣಮೀನಿನ ವಾಸನೆ. ಕೊಟ್ಟಿಗೆಹಾರದ ಅಂಗಡಿಯವರು ಮೀನು ಕಟ್ಟಿಕೊಟ್ಟ ಪೇಪರಂತೆ ಅದು.

"ಓದು," ಅಂದ್ಲು.

"ಊಟ ಮಾಡ್ಲಾ, ಓದ್ಲಾ?"

"ಓದಿ ಊಟ ಮಾಡು. ಅನ್ನ ಎಲ್ಲಿಗೂ ಓಡಿ ಹೋಗಲ್ಲ."

ಮೂಗು ಮುಚ್ಚಿಕೊಂಡು ಓದಿದೆ. ಒಂದು ಪ್ರಕಟಣೆ. ಹೊಲ ತೋಟಗಳಲ್ಲಿ ಬಳಸೋ ರಾಸಾಯನಿಕಗಳಲ್ಲಿ ಯಾವುದರಿಂದ ಮನುಷ್ಯರಿಗೆ ಎಂತೆಂತ ಹಾನಿ ಅಂತ ಸರ್ಕಾರದ ಒಂದು ಸಮಿತಿ ಪರೀಕ್ಷೆ ಮಾಡಿಸುತ್ತಂತೆ. ಎಲ್ಲವನ್ನೂ ಒಟ್ಟಿಗೆ ಮಾಡೋಕಾಗಲ್ಲ, ಮೊದಲು ಯಾವುದನ್ನ ಮಾಡಬೇಕು ಅಂತ ಸಾರ್ವಜನಿಕರು ಸೂಚಿಸಬಹುದಂತೆ. ಮುಂದಿನ ಸೋಮವಾರ ಮೂಡಿಗೆರೆಯಲ್ಲಿ ಸಭೆ, ಅರ್ಜಿ ತುಂಬಿಕೊಂಡು ಬನ್ನಿ ಅಂತಿತ್ತು.

"ನನ್ನ ಔಷಧಿ ಬರಿ ಅದರಲ್ಲಿ," ಅಂದ್ಲು ತಂಗಮ್ಮ.

ನಂಗೆ ನಗು ಬಂತು. ಮೊದಲ ತಪ್ಪು ಅದೇ.

ತಂಗಮ್ಮ ಯಾರು ಅಂತ ಹೇಳ್ಬೇಕು. ವಯಸ್ಸು ಐವತ್ತು, ನಾಲ್ಕನೇ ಕ್ಲಾಸು, ಕಳಸದ ಕಡೆಯ ಹುಡುಗಿ. ಮದುವೆಯಾಗಿ ಕಲ್ಲುಗುಡ್ಡೆ ಎಸ್ಟೇಟಿನ ಲೈನಿಗೆ ಬಂದೋಳು. ಕೆಲಸದವರ ಮನೆಗಳ ಸಾಲಿಗೆ ನಾವು ಲೈನು ಅನ್ನೋದು. ಒಂಬತ್ತು ಮನೆ, ಒಂದೇ ನಲ್ಲಿ. ನಾನು ಹುಟ್ಟಿ ಬೆಳೆದದ್ದೂ ಅದೇ ಲೈನಲ್ಲಿ, ಅವಳ ಪಕ್ಕದ ಮನೆಯಲ್ಲಿ. ಅಪ್ಪ ಹೋದ್ಮೇಲೆ ನಾನು, ಅಮ್ಮ ಬಣಕಲ್ಲಿಗೆ ಬಂದ್ವಿ. ಅವಳನ್ನ ಅತ್ತೆ ಅಂತ ಕರೆದು ಅಭ್ಯಾಸ. ಅವಳೂ ಸೋದರ ಸೊಸೆಗೆ ಬೈಯ್ಯೋ ಹಾಗೇ ನಂಗೆ ಬೈತಾಳೆ.

ಅವಳ ಕೆಲಸ ಕಾಂಡ ಒರೆಸೋದು. ಅರೇಬಿಕಾ ಗಿಡದ ಕಾಂಡಕ್ಕೆ ಒಂದು ಹುಳ ಬೀಳುತ್ತೆ, ಒಳಗೇ ಕೊರೆದು ಗಿಡ ಒಣಗಿಸುತ್ತೆ. ಅದಕ್ಕೆ ತೆಂಗಿನ ನಾರಿನಿಂದ ಕಾಂಡದ ಒಣ ಸಿಪ್ಪೆ ಉಜ್ಜಿ ತೆಗೆದು, ಬಕೆಟಿನ ಔಷಧಿಗೆ ಬಟ್ಟೆ ಅದ್ದಿ, ಬುಡದಿಂದ ಮೇಲಕ್ಕೆ ಒರೆಸ್ತಾರೆ. ವರ್ಷಕ್ಕೆ ಎರಡು ಸಲ. ಆರು ಜನ ಹೆಂಗಸರು, ಆರು ಬಕೆಟ್. ಗ್ಲೌಸು ಕೊಡ್ತಾರೆ ಒಂದೊಂದು ವರ್ಷ. ಹಾಕಿದ್ರೆ ಕೈ ಬೆವರಿ ಬಟ್ಟೆ ಜಾರುತ್ತೆ ಅಂತ ಇವರು ತೆಗೆದಿಡ್ತಾರೆ. ಅದಕ್ಕೂ ನಾನು ಬೈದಿದ್ದೀನಿ, ಕೇಳೋರ್ಯಾರು.

ಈ ಕೆಲಸ ಮಾಡ್ತಾ ಮಾಡ್ತಾ ತಂಗಮ್ಮಂಗೆ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋದವು. ಒಂದು ಆರು ತಿಂಗಳಿಗೆ, ಇನ್ನೊಂದು ಏಳಕ್ಕೆ. ದೇವರಮನೆ ಗುಡ್ಡದ ದೇವಸ್ಥಾನಕ್ಕೆ ಹೊತ್ತ ಹರಕೆ ತೀರಿಸಿಲ್ಲ ಅಂದ್ರು ಅವಳ ಅತ್ತೆ. ಕಾಲ್ಗುಣ ಅಂದ್ರು ಇನ್ಯಾರೋ. ಮೂರನೆಯ ಸಲ ಬಸುರಿಯಾದ ವರ್ಷ ಜಾರಿ ಬಿದ್ದು ಕಾಲು ಮುರಿದು, ಎಂಟು ತಿಂಗಳು ಕಳಸದ ತವರಲ್ಲಿ ಕೂತಿದ್ಲು. ಮಗ ಹುಟ್ಟಿದ, ಉಳಿದ. ಅವನೇ ಅಭಿಷೇಕ್. ಈಗ ಪಿಕಪ್ ಓಡಿಸ್ತಾನೆ.

"ಆ ವರ್ಷ ಒಂದೇ ನಾನು ಔಷಧಿ ಮುಟ್ಟಿಲ್ಲ," ಅಂದ್ಲು ಅವತ್ತು ಲೈಬ್ರರಿಯಲ್ಲಿ. "ಇಪ್ಪತ್ತಾರು ವರ್ಷದಿಂದ ನಂಗೆ ಒಂದೇ ಯೋಚನೆ ಮಾರಾಯ್ತಿ. ಅವೆರಡು ಔಷಧಿಯಿಂದ ಹೋದ್ವಾ, ನನ್ನ ಹಣೆಬರಹದಿಂದ ಹೋದ್ವಾ? ಯಾರಾದ್ರೂ ನೋಡಿ ಹೇಳ್ಬೇಕಲ್ಲ. ಈಗ ಸರ್ಕಾರವೇ ನೋಡಿ ಹೇಳ್ತೀನಿ ಅಂತಿದೆ."

ಇಪ್ಪತ್ತಾರು ವರ್ಷ ಕಾದೋಳಿಗೆ ಈಗ ಅವಸರ ಯಾಕೆ ಅಂದ್ರೆ, ಅಭಿಷೇಕನ ಹೆಂಡತಿ ಭವ್ಯಾಳಿಗೆ ಐದು ತಿಂಗಳು. ಅವಳೂ ಕಾಂಡ ಒರೆಸೋ ಗ್ಯಾಂಗಿಗೆ ಹೆಸರು ಕೊಟ್ಟಿದ್ಲು. ಮಂಗಳವಾರದಿಂದ ಕೆಲಸ ಶುರು. ಪಿಯುಸಿ ಓದಿದ ಹುಡುಗಿ, ಬಾಯಿ ಜೋರು. ಅತ್ತೆ ಬೇಡ ಅಂದ್ರೆ, "ಔಷಧಿ ಹೊಟ್ಟೆಗೆ ಕೆಟ್ಟದ್ದು ಅಂತ ಎಲ್ಲಿ ಬರೆದಿದೆ ತೋರಿಸಿ ಅತ್ತೆ, ನಾನು ಮನೇಲಿ ಕೂರ್ತೀನಿ. ಕಾಲ್ಗುಣ, ಹರಕೆ ಅಂತ ನಿಮ್ಮನ್ನ ಹೆದರಿಸಿದ್ರಲ್ಲ, ಈಗ ನೀವು ನನ್ನನ್ನ ಹೆದರಿಸ್ತಿದ್ದೀರಿ," ಅಂದಿದ್ಲಂತೆ. ಮಾತು ತಪ್ಪಲ್ಲ. ಎಲ್ಲೂ ಬರೆದಿರಲಿಲ್ಲ, ಬರೆದದ್ದಿದ್ರೂ ಈ ಲೈನಿನ ತನಕ ಬಂದಿರಲಿಲ್ಲ.

ನನ್ನ ನಗು ಅಲ್ಲಿಗೆ ನಿಂತಿತ್ತು. ಡಬ್ಬಿ ಮುಚ್ಚಿಟ್ಟು ಕಂಪ್ಯೂಟರಲ್ಲಿ ಅರ್ಜಿ ತೆಗೆದೆ. ಆರು ಪುಟ. ಮೊದಲ ಕಾಲಮ್ಮೇ ಕೆಂಪು ಚುಕ್ಕಿಯದ್ದು, ತುಂಬದೆ ಮುಂದಕ್ಕೆ ಬಿಡಲ್ಲ. ರಾಸಾಯನಿಕದ ಹೆಸರು.

"ಹೆಸರೆಂತ ಅತ್ತೆ?"

"ಹಾಲೌಷಧಿ."

"ಅದು ನೀವಿಟ್ಟ ಹೆಸರು. ಅದರದ್ದೇ ಹೆಸರು ಬೇಕು."

"ನೀರಿಗೆ ಹಾಕಿದ್ರೆ ಹಾಲಿನಂಗೆ ಆಗುತ್ತೆ. ಬಿಳಿ ಕ್ಯಾನು, ನೀಲಿ ಮುಚ್ಚಳ. ನಾತ ಹೊಡಿಯುತ್ತೆ. ಇಷ್ಟು ಹೇಳಿದ್ರೆ ಗೊತ್ತಾಗಲ್ವಾ ಅವರಿಗೆ? ಎಂತ ಓದಿದ್ದಾರೆ ಹಂಗಾದ್ರೆ?"

ಇರಲಿ ಅಂತ ಹಾಲೌಷಧಿ ಅಂತಲೇ ಟೈಪ್ ಮಾಡಿದೆ. ಕನ್ನಡ ಅಕ್ಷರ ತಗೊಳ್ಳಲ್ಲ ಅಂತು. ಇಂಗ್ಲಿಷ್ ಅಕ್ಷರದಲ್ಲಿ ಹಾಕಿದೆ. ಇಂಥದ್ದು ಪಟ್ಟಿಯಲ್ಲಿ ಇಲ್ಲ ಅಂತು. ಖಾಲಿ ಬಿಟ್ಟು ಒತ್ತಿದೆ. ಕೆಂಪಗಾಗಿ ಕೂತ್ಕೊಂತು. ಜನರನ್ನ ಕೇಳ್ತಾರಂತೆ ಜನರನ್ನ! ಜನರ ಭಾಷೆ ಗೊತ್ತಿಲ್ಲದ ಮೇಲೆ ಕೇಳೋದು ಯಾವ ಬಾಯಲ್ಲಿ? ಅಷ್ಟರಲ್ಲಿ ಕರೆಂಟೂ ಹೋಯ್ತು.

ಕರೆಂಟ್ ಬಂದ್ಮೇಲೆ ಉಳಿದ ಕಾಲಮ್ಮೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಸಂಪರ್ಕಕ್ಕೆ ಬಂದವರು ಎಷ್ಟು ಜನ ಅಂತಿತ್ತು. ಆರು ಅಂತ ಬರೆದೆ. ಹೇಗೆ ಸಂಪರ್ಕ, ಚರ್ಮವೋ, ಉಸಿರೋ, ಆಹಾರವೋ, ನೀರೋ ಅಂತಿತ್ತು. ಚರ್ಮಕ್ಕೂ ಉಸಿರಿಗೂ ಗುರುತು ಹಾಕಿದೆ. ಹೆಸರಿನ ಜಾಗ ಮಾತ್ರ ಖಾಲಿ. "ಕ್ಯಾನಿನ ಮೇಲೆ ಲೇಬಲ್ ಇರುತ್ತಲ್ಲ ಅತ್ತೆ, ನಾಳೆ ಬಂದು ನಾನೇ ನೋಡ್ತೀನಿ," ಅಂದೆ.

ತಂಗಮ್ಮ ಯಾಕೋ ನನ್ನ ಮುಖ ನೋಡದೆ ಪೇಪರ್ ಮಡಚಿಕೊಂಡು ಎದ್ಲು.

ಶುಕ್ರವಾರ ಸಂಜೆ ಲೈನಿಗೆ ಹೋದಾಗ ಗೊತ್ತಾಯ್ತು ಯಾಕೆ ಅಂತ. ಒಂಬತ್ತು ಮನೆ ಮುಂದೆಯೂ ಕಲ್ಲಿನ ಮೇಲೆ ಸಾಲಾಗಿ ಬಿಳಿ ಕ್ಯಾನು. ಐದು ಲೀಟರಿನವು, ಎರಡು ಲೀಟರಿನವು, ಒಂದು ಲೀಟರಿನವು. ಎಲ್ಲದರಲ್ಲೂ ನೀರು ತುಂಬಿಟ್ಟಿತ್ತು. ಬೇಸಿಗೆಯಲ್ಲಿ ಅಲ್ಲಿ ನಲ್ಲಿ ಬರೋದು ಬೆಳಿಗ್ಗೆ ಅರ್ಧ ಗಂಟೆ. ಒಂದರ ಮೇಲೂ ಲೇಬಲ್ ಇಲ್ಲ. ಚೂರು ಗೋಂದಿನ ಕಲೆ ಕೂಡ ಇಲ್ಲ. ಫಳಫಳ ಅಂತಿದ್ದವು.

ಅದು ತಂಗಮ್ಮನ ಕೈ. ಲೈನಿಗೆ ಬಂದ ವರ್ಷದಿಂದ ಅವಳದ್ದು ಅದೊಂದು ಕಸುಬು. ಔಷಧಿ ಖಾಲಿಯಾದ ಕ್ಯಾನನ್ನ ಯಾರೂ ಬಿಸಾಡ್ತಿರಲಿಲ್ಲ, ಅವಳ ಹತ್ರ ತಂದು ಕೊಡ್ತಿದ್ರು. ಅವಳು ಅದನ್ನ ಹಳ್ಳದಲ್ಲಿ ಮೂರು ದಿನ ಮುಳುಗಿಸಿ, ಕತ್ತಿ ಬೆನ್ನಲ್ಲಿ ಲೇಬಲ್ ಕೆರೆದು, ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ, ಸೀಗೆ ನೀರಲ್ಲಿ ತೊಳೆದು ಬಿಸಿಲಿಗಿಡ್ತಿದ್ಲು. ಅಷ್ಟಕ್ಕೇ ಬಿಡೋಳಲ್ಲ. ನೀರು ತುಂಬಿ, ಹಳ್ಳದ ಒಂದು ಸಣ್ಣ ಮೀನು ಬಿಡ್ತಿದ್ಲು. ಬೆಳಿಗ್ಗೆ ಮೀನು ಓಡಾಡ್ತಿದ್ರೆ ಕ್ಯಾನು ಪಾಸು, ಯಾರ ಮನೆಗಾದ್ರೂ ಕೊಡಬಹುದು. ಆ ಮೀನು ಹಿಡಿದು ಕೊಡೋದು ನಾವು ಮಕ್ಕಳು. ಹೈಸ್ಕೂಲಿಗೆ ಸೇರಿದಾಗ ನಂಗೂ ಒಂದು ಲೀಟರಿಂದು ಕೊಟ್ಟಿದ್ಲು, ಕುತ್ತಿಗೆಗೆ ಕೆಂಪು ದಾರ ಕಟ್ಟಿ. ಮೂರು ವರ್ಷ ಅದನ್ನೇ ಹೆಗಲಿಗೆ ಹಾಕಿಕೊಂಡು ಹೋಗಿದ್ದೆ.

ಅವತ್ತು ಮಾತ್ರ ನಂಗೆ ಹಣೆ ಹಣೆ ಚಚ್ಚಿಕೊಳ್ಳೋ ಹಂಗಾಯ್ತು.

"ಒಂದಾದ್ರೂ ಬಿಟ್ಟಿದ್ದೀಯಾ ಅತ್ತೆ? ಒಂದೇ ಒಂದು ಲೇಬಲ್?"

"ಕೊಳಕು ಕ್ಯಾನಲ್ಲಿ ಯಾರು ನೀರು ಕುಡೀತಾರೆ?" ಅಂತ ನನ್ನನ್ನೇ ಗದರಿಸಿದ್ಲು.

"ಇಷ್ಟು ಚೆನ್ನಾಗಿ ತೊಳೀಬೇಕು ಅಂತ ಯಾರು ಹೇಳಿದ್ದು ನಿಂಗೆ? ನಿನ್ನ ಕೈಗೆ ಸಿಕ್ಕಿದ್ರೆ ಕಲ್ಲಿನ ಶಾಸನವೂ ನುಣ್ಣಗಾಗುತ್ತೆ."

"ಹೊಗಳ್ತಿದ್ದೀಯೋ ಬೈತಿದ್ದೀಯೋ?"

"ಬೈತಿದ್ದೀನಿ!"

ಸರಿ, ಸ್ಟೋರಲ್ಲಿ ಹೊಸ ಕ್ಯಾನು ಇರುತ್ತಲ್ಲ ಅಂತ ರೈಟರ್ ಜಯಪ್ರಕಾಶ್ ಹತ್ರ ಹೋದ್ವಿ. ಹಾಜರಿ, ಸ್ಟೋರು ಎರಡೂ ಅವರ ಕೈಯಲ್ಲಿ. ಕೆಟ್ಟ ಮನುಷ್ಯ ಅಲ್ಲ, ಆದ್ರೆ ಸ್ಟೋರಿನ ಬೀಗದ ವಿಷಯಕ್ಕೆ ಬಂದ್ರೆ ಮುಖ ಬಿಗಿಯಾಗುತ್ತೆ.

"ಹೆಸರು ಯಾಕೀಗ?"

"ಸರ್ಕಾರ ಕೇಳಿದೆ ರೈಟ್ರೇ."

"ಸರ್ಕಾರ ನನ್ನನ್ನ ಕೇಳಲಿ. ಈ ಸಲದ್ದು ಇನ್ನೂ ಬಂದಿಲ್ಲ, ಮಂಗಳವಾರ ಬೆಳಿಗ್ಗೆ ಬರುತ್ತೆ. ಹಳೇ ಬಿಲ್ಲೆಲ್ಲ ಧಣಿಗಳ ಹತ್ರ ಇದೆ. ಧಣಿಗಳು ಚಿಕ್ಕಮಗಳೂರಲ್ಲಿದ್ದಾರೆ."

"ನಿಮಗೆ ನೆನಪಿಲ್ವಾ?"

"ಔಷಧಿಗೆ ಹೆಸರು ನೆನಪಿಟ್ಕೊಂಡು ನಾನೆಂತ ನಾಮಕರಣ ಮಾಡ್ಬೇಕಾ?" ಅಂದ್ರು. ಅಲ್ಲಿಗೆ ಮುಗೀತು.

ಶನಿವಾರ ರಸ್ತೆ ಬದಿಯ ಪರಮೇಶ್ವರಪ್ಪನವರ ಅಂಗಡಿ. ಎಸ್ಟೇಟಿಗೆ ಗೊಬ್ಬರ, ಔಷಧಿ ಹೋಗೋದು ಅಲ್ಲಿಂದಲೇ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೆಲ್ಲ. ಕೂತ್ಕೊಳ್ಳಿ ಅಂದ್ರು, ಮಜ್ಜಿಗೆ ಕೊಟ್ರು. ಕಾಂಡದ ಹುಳಕ್ಕೆ ಅಂದ ಕೂಡಲೇ ಮೇಜಿನ ಮೇಲೆ ಐದು ಥರದ್ದು ತಂದಿಟ್ರು.

"ನೀರಿಗೆ ಹಾಕಿದ್ರೆ ಹಾಲಾಗೋದು ಯಾವುದು?"

"ಐದೂ ಆಗುತ್ತಮ್ಮ."

"ಬಿಳಿ ಕ್ಯಾನು, ನೀಲಿ ಮುಚ್ಚಳ?"

"ಮೂರು ಕಂಪನಿಯವು ಹಂಗೇ ಬರ್ತವೆ."

"ಕಲ್ಲುಗುಡ್ಡೆಗೆ ಕಳಿಸೋದು ಯಾವುದು?"

"ಯಾವುದು ಸ್ಟಾಕ್ ಇರುತ್ತೋ ಅದು," ಅಂದ್ರು, ಅಷ್ಟೇ ಸಮಾಧಾನದಲ್ಲಿ. "ಎಲ್ಲಾ ಹುಳಾನೂ ಸಾಯುತ್ತೆ, ಯೋಚನೆ ಮಾಡ್ಬೇಡಿ."

ಹೋದ ಪುಟ್ಟ ಬಂದ ಪುಟ್ಟ. ಬಿಸಿಲಲ್ಲಿ ಬಸ್ಸಿಗೆ ಕಾಯ್ತಾ ನಾನು ಬಾಯಿಗೆ ಬಂದದ್ದು ಬೈತಿದ್ದೆ. ಸಮಿತಿಗೆ, ರೈಟರಿಗೆ, ಪರಮೇಶ್ವರಪ್ಪನವರ ಮಜ್ಜಿಗೆಗೆ. ಆಮೇಲೆ ತಂಗಮ್ಮ ಅಂದ್ಲು, "ನಾನೇ ಕೆರೆದು ಹಾಕಿದ್ದಲ್ವಾ. ಹಾಳಾದ ಕೈ." ತನ್ನ ಕೈಯನ್ನ ತಾನೇ ನೋಡಿಕೊಂಡ್ಲು. ಉಗುರೆಲ್ಲ ಕಂದು, ಬೆರಳ ತುದಿಯ ಚರ್ಮ ಒಡೆದು ಒಣಗಿದ ನೆಲದಂತಾಗಿತ್ತು. ನಂಗೆ ಅಯ್ಯೋ ಅನ್ನಿಸ್ತು, ಆದ್ರೂ ಸಿಟ್ಟು ಇಳೀಲಿಲ್ಲ.

ಸೋಮವಾರ ಮೂಡಿಗೆರೆಗೆ ಹೋದ್ವಿ. ಭವ್ಯಾಳಿಗೆ ಅವತ್ತೇ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳ ಚೆಕಪ್ ಇತ್ತು. "ಮುಗಿಸಿಕೊಂಡು ಸಭೆಗೆ ಬಾ, ಸರ್ಕಾರ ಎಂತ ಹೇಳುತ್ತೆ ನಿನ್ನ ಕಿವಿಯಲ್ಲೇ ಕೇಳು," ಅಂತ ತಂಗಮ್ಮ ಅವಳನ್ನ ಆಸ್ಪತ್ರೆ ಹತ್ರ ಇಳಿಸಿದ್ಲು.

ಸಭೆ ಹನ್ನೊಂದಕ್ಕೆ ಅಂತಿತ್ತು, ಶುರುವಾದದ್ದು ಹನ್ನೆರಡೂವರೆಗೆ. ಐವತ್ತು ಕುರ್ಚಿ, ಇಪ್ಪತ್ತು ಜನ. ಮೊದಲು ಒಬ್ಬ ಬೆಳೆಗಾರರು ಎದ್ದು ಆನೆ ಕಾಟದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ರು. ಇದು ರಾಸಾಯನಿಕದ ಸಭೆ ಅಂದ್ರೆ, ಆನೆಗೂ ಒಂದು ರಾಸಾಯನಿಕ ಕಂಡುಹಿಡೀರಿ ಅಂದ್ರು. ಇನ್ನೊಬ್ಬರು ಕಾಳುಮೆಣಸಿನ ರೇಟು ತೆಗೆದ್ರು. ಮೂರನೆಯವರು ಅಧಿಕಾರಿಗೆ ಶಾಲು ಹೊದಿಸಿದ್ರು. ಬಂದ ವಿಷಯ ಒಂದು ಬಿಟ್ಟು ಉಳಿದದ್ದೆಲ್ಲ ಆಯ್ತು. ನಮ್ಮ ಸರದಿ ಬರೋಷ್ಟರಲ್ಲಿ ಎರಡು ಗಂಟೆ.

ಅಧಿಕಾರಿ ಹರ್ಷವರ್ಧನ ಅಂತ, ವಿಜ್ಞಾನಿ. ಚಿಕ್ಕ ವಯಸ್ಸು, ಮಾತು ಮೆದು. ನಮ್ಮ ಹಾಳೆ ಪೂರ್ತಿ ಓದಿದ್ರು, ಅದಕ್ಕೆ ನಾನು ಅವರಿಗೆ ಒಂದು ನಮಸ್ಕಾರ ಹೇಳ್ಬೇಕು. ಎರಡು ಮಕ್ಕಳ ವಿಷಯ ಬರೆದಿದ್ದ ಜಾಗವನ್ನ ಎರಡು ಸಲ ಓದಿದ್ರು. ಆಮೇಲೆ ಅಂದ್ರು, "ಹೆಸರಿಲ್ವಲ್ಲಮ್ಮ. ಹೆಸರಿಲ್ಲದೆ ಪಟ್ಟಿಗೆ ತಗೊಳ್ಳೋಕೆ ಬರಲ್ಲ."

ನಾಲ್ಕು ದಿನದಿಂದ ಕಟ್ಟಿಟ್ಟದ್ದೆಲ್ಲ ನನ್ನ ಬಾಯಿಂದ ಆಚೆ ಬಂತು.

"ಸಾರ್, ಹೆಸರು ಗೊತ್ತಿರೋರು ಯಾರೂ ಅದನ್ನ ಕೈಯಲ್ಲಿ ಮುಟ್ಟಲ್ಲ. ಮುಟ್ಟೋರಿಗೆ ಹೆಸರು ಯಾರೂ ಹೇಳಲ್ಲ. ನೀವು ಯಾರನ್ನ ಕೇಳೋಕೆ ಬಂದ್ರಿ ಹಂಗಾದ್ರೆ? ಆನೆಯನ್ನಾ?"

ಹಾಲ್ ಪೂರ್ತಿ ನಮ್ಮ ಕಡೆ ತಿರುಗಿತು. ತಂಗಮ್ಮ ನನ್ನ ಸೆರಗು ಜಗ್ಗಿದ್ಲು. ಅಧಿಕಾರಿ ಸಿಟ್ಟಾಗಲಿಲ್ಲ. "ನೀವು ಹೇಳೋದು ಸರಿ. ಆದ್ರೂ ನಂಗೆ ಏನಾದ್ರೂ ಒಂದು ಗುರುತು ಬೇಕು," ಅಂದ್ರು.

ಆ ಹೊತ್ತಿಗೆ ಭವ್ಯಾ ಬಂದ್ಲು. ಆಸ್ಪತ್ರೆಯಿಂದ ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ನಮ್ಮ ಪಕ್ಕದ ಕುರ್ಚಿಯಲ್ಲಿ ಉಸ್ಸಪ್ಪಾ ಅಂತ ಕೂತು, ಅತ್ತೆಯ ಚೀಲದಿಂದ ಎರಡು ಲೀಟರಿನ ಕ್ಯಾನು ತೆಗೆದು, ನೀಲಿ ಮುಚ್ಚಳ ತಿರುಗಿಸಿ, ಕತ್ತೆತ್ತಿ ಗಟಗಟ ಕುಡಿದ್ಲು.

ಅಧಿಕಾರಿಯ ಪೆನ್ನು ನಿಂತಿತು.

"ಅದು ಏನಮ್ಮ?"

"ನೀರು ಸಾರ್," ಅಂದ್ಲು ಭವ್ಯಾ.

"ಕ್ಯಾನು?"

ತಂಗಮ್ಮಂಗೆ ತನ್ನ ಕೆಲಸದ ಬಗ್ಗೆ ಯಾರಾದ್ರೂ ಕೇಳಿದ್ರೆ ಎಲ್ಲಿಲ್ಲದ ಉತ್ಸಾಹ. "ಅದೇ ಸಾರ್ ನಾನು ಹೇಳಿದ ಔಷಧಿದು. ಬಿಳಿ ಕ್ಯಾನು, ನೀಲಿ ಮುಚ್ಚಳ. ನಾನೇ ತೊಳೆದದ್ದು. ನಮ್ಮ ಲೈನಿಗೆಲ್ಲ ನಾನೇ ತೊಳೆದು ಕೊಡೋದು, ಇಪ್ಪತ್ತೊಂಬತ್ತು ವರ್ಷ ಆಯ್ತು. ಮೂಸಿ ನೋಡಿ ಬೇಕಾದ್ರೆ, ಚೂರೂ ನಾತ ಇಲ್ಲ. ಮೀನು ಬಿಟ್ಟು ನೋಡೇ ಕೊಡೋದು." ಹಳ್ಳ, ಬೂದಿ, ಹುಣಸೆಹಣ್ಣು, ಮೀನು, ಎಲ್ಲಾ ಸಾಲಾಗಿ ಹೇಳಿದ್ಲು.

ಅಧಿಕಾರಿ ಕೇಳಿಸಿಕೊಂಡು, ನಿಧಾನಕ್ಕೆ ಕೇಳಿದ್ರು, "ಮೀನು ಸತ್ತದ್ದುಂಟಾ ಅಮ್ಮ?"

"ಉಂಟು ಸಾರ್, ಮೊದಲ ಸಲಕ್ಕೆ ಸುಮಾರು ಸಲ ಸಾಯುತ್ತೆ. ಮತ್ತೆ ತಿಕ್ಕೋದು, ಮತ್ತೆ ಬಿಡೋದು. ಬದುಕೋ ತನಕ ಬಿಡಲ್ಲ ನಾನು."

"ಒಂದು ರಾತ್ರಿ ಬದುಕಿದ್ರೆ ಸಾಕಾ?"

"ಮತ್ತೆಷ್ಟು ದಿನ?"

ಅವರು ಭವ್ಯಾಳ ಹತ್ರ ಬಂದು ಕೈ ಚಾಚಿದ್ರು. ಕ್ಯಾನು ತಗೊಂಡು ಕಿಟಕಿ ಹತ್ರ ಹೋಗಿ, ಉಳಿದ ನೀರನ್ನ ಹೊರಗೆ ಚೆಲ್ಲಿದ್ರು. ಒಳ್ಳೇ ನೀರು ಚೆಲ್ತಾರಲ್ಲ ಅಂತ ತಂಗಮ್ಮ ಗೊಣಗಿದ್ಲು. ಅವರು ಕ್ಯಾನನ್ನ ಮಗುಚಿ ತಳ ನೋಡಿದ್ರು. ಬೆಳಕಿಗೆ ಓರೆ ಹಿಡಿದ್ರು. ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಸಿ ಬರೆದ ಸಣ್ಣ ಅಕ್ಷರ, ಒಂದು ನಂಬರು. ಔಷಧಿಯ ನೋಂದಣಿ ನಂಬರ್ ಇದು ಅಂತ ಮೊಬೈಲಲ್ಲಿ ಹಾಕಿದ್ರು. ಎರಡು ನಿಮಿಷ.

"ಸಿಕ್ತು," ಅಂದ್ರು.

ನಾಲ್ಕು ದಿನ. ಸ್ಟೋರು, ಅಂಗಡಿ, ರೈಟರು, ಮಜ್ಜಿಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ವಿ. ಹೆಸರು ಒಂಬತ್ತು ಮನೆ ಮುಂದೆ ಕಲ್ಲಿನ ಮೇಲೆ ಸಾಲಾಗಿ ಕೂತಿತ್ತು. ತೊಳೆಯೋ ತಂಗಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ, ಉಳಿದ ನಾವ್ಯಾರೂ ನೋಡಿರಲಿಲ್ಲ, ಯಾಕಂದ್ರೆ ಯಾವ ಕ್ಯಾನೂ ಯಾವತ್ತೂ ಖಾಲಿ ಇರ್ತಿರಲಿಲ್ಲ. ನೀರು ತುಂಬಿದ್ದನ್ನ ಯಾರು ಮಗುಚಿ ನೋಡ್ತಾರೆ?

"ಸಿಕ್ತಾ ಹೆಸರು!" ಅಂತ ತಂಗಮ್ಮ ಎದ್ದು ನಿಂತ್ಲು. ಮುಖ ಅರಳಿತ್ತು. "ಸಿಕ್ತಲ್ಲ ಮಾರಾಯ್ತಿ, ಬರಿ ಬರಿ!" ನನ್ನ ಭುಜ ಹಿಡಿದು ಅಲ್ಲಾಡಿಸಿದ್ಲು. ನಾನು ಬರೀಲಿಲ್ಲ. ಅಧಿಕಾರಿಯ ಮುಖ ನೋಡ್ತಿದ್ದೆ. ಭವ್ಯಾ ನೀಲಿ ಮುಚ್ಚಳ ಹಿಡಿದುಕೊಂಡು ಹಾಗೇ ಕೂತಿದ್ಲು, ಇನ್ನೊಂದು ಕೈ ಹೊಟ್ಟೆ ಮೇಲಿತ್ತು.

"ತಳದಲ್ಲಿ ಇನ್ನೊಂದು ಸಾಲಿದೆ," ಅಂದ್ರು ಅಧಿಕಾರಿ. "ಆಹಾರಕ್ಕೆ, ನೀರಿಗೆ ಬಳಸಬಾರದು ಅಂತ." ಇಂಗ್ಲಿಷಲ್ಲಿ ಇತ್ತು ಅದು. ಅಲ್ಲದೆ ಇನ್ನೇನು. "ನಾವೂ ಮೀನಿನ ಮೇಲೇ ಶುರು ಮಾಡೋದಮ್ಮ. ನಿಮ್ಮ ದಾರಿ ತಪ್ಪಲ್ಲ. ಆದ್ರೆ ಮೀನು ಬದುಕಿತು ಅಂದ್ರೆ ಅವತ್ತಿಗೆ ಸಾಯಲ್ಲ ಅಂತ ಅಷ್ಟೇ ಅರ್ಥ. ವರ್ಷಗಟ್ಟಲೆ ಕುಡಿದ್ರೆ ಏನು, ಬಸುರಿ ಕುಡಿದ್ರೆ ಏನು, ಅದನ್ನೇ ಪರೀಕ್ಷೆ ಮಾಡ್ಬೇಕಾಗಿರೋದು."

ತಂಗಮ್ಮನ ಕೈ ನನ್ನ ಭುಜದಿಂದ ಜಾರಿತು. ಕೂತ್ಕೊಂಡು ಅಂದ್ಲು, "ಹಂಗಾದ್ರೆ ಕೈಯಿಂದಲ್ಲದೆ ಬಾಯಿಂದಲೂ ಹೋಗಿರಬಹುದು. ಎಲ್ಲರಿಗೂ. ನಾನೇ ತೊಳೆದು ತೊಳೆದು ಕೊಟ್ಟೆ."

"ಗೊತ್ತಿಲ್ಲಮ್ಮ, ಇನ್ನೂ ಯಾರಿಗೂ ಗೊತ್ತಿಲ್ಲ," ಅಂದ್ರು ಅವರು.

"ನೀನು ಸುಮ್ಮನಿರು ಅತ್ತೆ!" ಅಂತ ಕಿರುಚಿದೆ. ನಂಗೆ ಅಳು ಬರ್ತಿತ್ತು. ಅಳು ಬಂದ್ರೆ ನಂಗೆ ಸಿಟ್ಟೇ ಬರೋದು. ಅವಳು ನಾಲ್ಕನೇ ಕ್ಲಾಸು, ನಾನು ಎಂ.ಎ. ಲೈಬ್ರರಿಯಲ್ಲಿ ಕೂತು ಲೋಕಕ್ಕೆಲ್ಲ ಬುದ್ಧಿ ಹೇಳೋಳು. ಶುಕ್ರವಾರ ಆ ಕ್ಯಾನುಗಳ ಮುಂದೆ ನಿಂತು ಲೇಬಲ್ ಇಲ್ಲ ಅಂತ ಬೈದೆ. ಅದರೊಳಗಿನ ನೀರು ನಂಗೆ ಕಾಣಲೇ ಇಲ್ಲ. ಹಾಳಾಗಿ ಹೋಗ್ಲಿ ನನ್ನ ಓದು.

ಭವ್ಯಾ ಈಗ ಬಾಯಿ ಬಿಟ್ಲು. "ಪರೀಕ್ಷೆ ಮಾಡಿ ಉತ್ತರ ಹೇಳೋಕೆ ಎಷ್ಟು ದಿನ ಸಾರ್?"

"ಪಟ್ಟಿಗೆ ಸೇರಿದ್ರೆ ಐದಾರು ವರ್ಷ."

"ನಂಗೆ ಆಗಸ್ಟಿಗೆ ಡೇಟು ಕೊಟ್ಟಿದ್ದಾರೆ," ಅಂದ್ಲು. ಆಮೇಲೆ ಮೊಬೈಲ್ ತೆಗೆದು, ಅಲ್ಲೇ ಕೂತು ರೈಟರಿಗೆ ಫೋನ್ ಮಾಡಿದ್ಲು. "ನಾಳೆ ಗ್ಯಾಂಗಲ್ಲಿ ನನ್ನ ಹೆಸರು ಬೇಡ ಸಾರ್. ಇಲ್ಲ, ಹುಷಾರಾಗಿದ್ದೀನಿ. ಬೇಡ ಅಷ್ಟೇ." ಅತ್ತೆಯ ಕಡೆ ನೋಡಲಿಲ್ಲ, ಆದ್ರೆ ಕುರ್ಚಿಯನ್ನ ಅವಳ ಪಕ್ಕಕ್ಕೆ ಎಳೆದುಕೊಂಡ್ಲು.

ಅಧಿಕಾರಿ ನಮ್ಮ ಹಾಳೆ ನನ್ನ ಮುಂದಿಟ್ಟು, ಹೆಸರಿನ ಅಕ್ಷರ ಒಂದೊಂದಾಗಿ ಹೇಳಿದ್ರು. ಉದ್ದದ ಹೆಸರು, ನಾಲಿಗೆಗೆ ತಿರುಗದ್ದು. ಬರೆದೆ. ಹೇಗೆ ಸಂಪರ್ಕ ಅನ್ನೋ ಕಡೆ ನೀರಿಗೂ ಗುರುತು ಹಾಕಿದೆ. ಅವರು ಬೆರಳಿಟ್ಟು ತೋರಿಸಿದ್ರು. "ಸಂಪರ್ಕಕ್ಕೆ ಬಂದವರು ಆರು ಅಂತಿದೆ. ಇದು ಬದಲಾಗುತ್ತೆ. ಈ ಕ್ಯಾನಿಂದ ಕುಡಿದವರು ಎಷ್ಟು ಜನ?"

ಆರು ಅನ್ನೋದನ್ನ ಹೊಡೆದು ಹಾಕಿದೆ. ಮನೆ ಮನೆ ಲೆಕ್ಕ ಹಾಕಿದ್ವಿ. ಇವತ್ತು ಲೈನಲ್ಲಿರೋರು ಮೂವತ್ತನಾಲ್ಕು. ಬಿಟ್ಟು ಹೋದವರನ್ನ ಎಣಿಸೋಕಾಗಲ್ಲ ಅಂದೆ, ಆದ್ರೆ ನಮ್ಮಮ್ಮನ್ನ, ನನ್ನನ್ನ ಸೇರಿಸಿದೆ. ಮೂವತ್ತಾರು. ಕೆಂಪು ದಾರದ ಬಾಟ್ಲಿ ಕಣ್ಣ ಮುಂದೆ ಬಂತು. ಭವ್ಯಾ ತನ್ನ ಹೊಟ್ಟೆ ತೋರಿಸಿ, "ಇದನ್ನೂ ಹಾಕಿ," ಅಂದ್ಲು. ಮೂವತ್ತೇಳು.

ಬರೆಯೋಕೆ ಹೋದೆ. ತಂಗಮ್ಮ ನನ್ನ ಕೈ ಹಿಡಿದ್ಲು.

"ಇನ್ನೆರಡು ಸೇರಿಸು."

ಯಾರು ಅಂತ ಕೇಳ್ಬೇಕಾಗಿರಲಿಲ್ಲ. ಅಧಿಕಾರಿಯ ಮುಖ ನೋಡಿದೆ, ಅವರು ತಲೆ ತಗ್ಗಿಸಿಕೊಂಡಿದ್ರು.

"ಅತ್ತೆ, ಅವಕ್ಕೆ ಹೆಸರು ಕೂಡ ಇಟ್ಟಿರ್ಲಿಲ್ಲ," ಅಂದೆ.

"ಈ ಕಾಲಮ್ಮಿಗೆ ಹೆಸರು ಬೇಕಾಗಿಲ್ಲ ಅಲ್ವಾ? ಎಷ್ಟು ಜನ ಅಂತ ತಾನೇ ಕೇಳಿರೋದು."

ಮೂವತ್ತೊಂಬತ್ತು ಅಂತ ಬರೆದೆ. ಅವಳು ಹಾಳೆಯನ್ನ ತನ್ನ ಕಡೆ ತಿರುಗಿಸಿಕೊಂಡು, ಅಂಕಿಯ ಮೇಲೆ ಬೆರಳಿಟ್ಟು ಒಂದು ಸಲ ಓದಿ, ಕೆಳಗೆ ತಂಗಮ್ಮ ಅಂತ ಸಹಿ ಹಾಕಿದ್ಲು.